ಹೊಸ ಪರದೆಗೆ ಮೊದಲು ಹಳೆಯ ತಂತಿ

ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಇಲ್ಲ. ಮೀನಿಗೆ ಅದು ಮೊಟ್ಟೆಯಿಡುವ ಕಾಲ, ಬೋಟಿಗೆ ರಿಪೇರಿಯ ಕಾಲ. ಎಂಜಿನ್ ಬಿಚ್ಚುವವರು, ಹಲಗೆ ಬದಲಿಸುವವರು, ಬಲೆ ಕಟ್ಟುವವರು, ಪೇಂಟ್ ಹೊಡೆಯುವವರು ಎಲ್ಲರಿಗೂ ಕೈತುಂಬ ಕೆಲಸ. ಇವರೆಲ್ಲರ ಸರದಿ ಮುಗಿದ ಮೇಲೆ, ಜುಲೈ ಕೊನೆಯ ವಾರದಲ್ಲಿ, ಎಲೆಕ್ಟ್ರಿಷಿಯನ್ ನೆನಪಾಗುತ್ತಾರೆ. ಅಷ್ಟರಲ್ಲಿ ಮಾಲೀಕರ ಕೈಯಲ್ಲಿ ಉಳಿದಿರುವುದು ಒಂದಿಷ್ಟು ದುಡ್ಡು, ಎರಡು ದಿನ ಸಮಯ. ಆ ದುಡ್ಡಿನಲ್ಲಿ ಒಂದು ಹೊಸ ಫಿಶ್ ಫೈಂಡರ್, ನಾಲ್ಕು ಎಲ್‌ಇಡಿ ದೀಪ, ಒಂದು ಸ್ಪೀಕರ್ ಬರುತ್ತದೆ. ಅವನ್ನು ಹಳೆಯ ತಂತಿಗೇ ಸಿಕ್ಕಿಸಿ ಆಗಸ್ಟ್ 1ಕ್ಕೆ ಬೋಟ್ ಕಡಲಿಗಿಳಿಯುತ್ತದೆ.

ಈ ಕ್ರಮ ತಲೆಕೆಳಗು. ಬೋಟಿನ ವಿದ್ಯುತ್ ಕೆಲಸದಲ್ಲಿ ಮೊದಲ ರೂಪಾಯಿ ಕಣ್ಣಿಗೆ ಕಾಣದ ಕಡೆ, ಬ್ಯಾಟರಿಗೆ, ತಂತಿಗೆ, ಫ್ಯೂಸಿಗೆ ಹೋಗಬೇಕು. ಪರದೆ, ದೀಪ, ಸದ್ದು ಆಮೇಲೆ.

ಒಂದು ಟ್ರಾಲ್ ಬೋಟಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹೊಸ ಬಣ್ಣದ ಫಿಶ್ ಫೈಂಡರ್ ತಂದಿದ್ದರು. ಬೋಟ್ ನಡೆಸುವ ತಂಡೇಲರು ವಯರ್‌ಲೆಸ್ಸಿನ ಗುಂಡಿ ಒತ್ತಿ ಮಾತಾಡಲು ಶುರುಮಾಡಿದ ಕೂಡಲೇ ಅದು ಆರಿಹೋಗುತ್ತಿತ್ತು, ಗುಂಡಿ ಬಿಟ್ಟರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಉಪಕರಣವೇ ಕೆಟ್ಟಿದೆ ಎಂದು ಎರಡು ಸಲ ಅಂಗಡಿಗೆ ಹೊತ್ತುಕೊಂಡು ಹೋಗಿದ್ದರು. ನಿಜವಾಗಿ ಕೆಟ್ಟದ್ದು ಅದಲ್ಲ. ಎಂಜಿನ್ ಕೋಣೆಯ ಬ್ಯಾಟರಿಯಿಂದ ವೀಲ್ ಹೌಸಿಗೆ ಬರುತ್ತಿದ್ದದ್ದು ಮನೆಯ ಫ್ಯಾನಿಗೆ ಹಾಕುವ 1.5 ಚದರ ಮಿಲಿಮೀಟರಿನ ಒಂದೇ ಜೋಡಿ ತಂತಿ. ನಡುವೆ ಎಲ್ಲೋ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಗಂಟು. ಟೇಪ್ ಬಿಚ್ಚಿದಾಗ ತಾಮ್ರ ಹಸಿರಾಗಿ ಪುಡಿಯಾಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಬ್ಯಾಟರಿಯಿಂದ ವೀಲ್ ಹೌಸಿಗೆ 10 ಮೀಟರ್ ಎಂದಿಟ್ಟುಕೊಂಡರೆ ಕರೆಂಟು ಹೋಗಿ ಬರುವ ದಾರಿ 20 ಮೀಟರ್. 1.5ರ ತಾಮ್ರದ ತಂತಿಯಲ್ಲಿ ಅಷ್ಟು ದೂರಕ್ಕೆ ಸುಮಾರು 0.23 ಓಮ್ ತಡೆ ಇರುತ್ತದೆ. 25 ವ್ಯಾಟಿನ ವಯರ್‌ಲೆಸ್ ಮಾತಾಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ. ಆಗ ದಾರಿಯಲ್ಲೇ ಸುಮಾರು 1.2 ವೋಲ್ಟ್ ನಷ್ಟ, ಅಂದರೆ 12 ವೋಲ್ಟಿನಲ್ಲಿ ಹತ್ತನೇ ಒಂದು ಪಾಲು. ಇದು ಗಂಟು ಸರಿಯಿದ್ದಾಗಿನ ಲೆಕ್ಕ, ಹಸಿರುಗಟ್ಟಿದ ಗಂಟಿನ ನಷ್ಟ ಬೇರೆ. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ. ವಯರ್‌ಲೆಸ್, ಜಿಪಿಎಸ್, ಸಂಚಾರ ದೀಪ ಇಂಥ ಜೀವದ ಉಪಕರಣಗಳಿಗೆ ನಷ್ಟ ನೂರಕ್ಕೆ 3ನ್ನು ಮೀರಬಾರದು. ಕ್ಯಾಬಿನ್ ದೀಪಕ್ಕೆ, ಫ್ಯಾನಿಗೆ ನೂರಕ್ಕೆ 10 ಆದರೂ ನಡೆಯುತ್ತದೆ. ನಿಮ್ಮ ಬೋಟ್ 24 ವೋಲ್ಟಿನದಾದರೆ ಅದೇ ಕೆಲಸಕ್ಕೆ ಕರೆಂಟು ಅರ್ಧ ಸಾಕು, ತಂತಿಯ ಮೇಲಿನ ಹೊರೆಯೂ ಅಷ್ಟು ಕಡಿಮೆ.

ತಂತಿ ಕೊಳ್ಳುವಾಗ ತವರ ಲೇಪಿಸಿದ ತಾಮ್ರದ್ದನ್ನೇ ಕೇಳಿ. ಸುಲಿದಾಗ ಎಳೆ ಕೆಂಪಗಿರದೆ ಬೆಳ್ಳಗೆ ಬೆಳ್ಳಿಯಂತೆ ಕಾಣಬೇಕು. ದರ ಹೆಚ್ಚು, ಆದರೆ ಉಪ್ಪಿನ ಗಾಳಿಗೆ ಬರಿಯ ತಾಮ್ರ ತಾಳುವುದಿಲ್ಲ. ಹೊರಗೆ ಹೊಳೆಯುತ್ತಿದ್ದರೂ ಪ್ಲಾಸ್ಟಿಕ್ಕಿನ ಒಳಗೆ ಅಡಿಗಟ್ಟಲೆ ದೂರ ಕಪ್ಪಾಗಿರುತ್ತದೆ. ಒಂದೇ ಗಟ್ಟಿ ಎಳೆಯ ತಂತಿ ಬೋಟಿಗೆ ಬೇಡ. ಎಂಜಿನ್ನಿನ ಕಂಪನಕ್ಕೆ ಅದು ಒಳಗೊಳಗೇ ಮುರಿಯುತ್ತದೆ, ಸಣ್ಣ ಎಳೆಗಳನ್ನು ಹೆಣೆದದ್ದೇ ಬೇಕು. ಜೋಡಣೆಯನ್ನು ಕೈಯಲ್ಲಿ ತಿರುಚಿ ಮುಗಿಸಬಾರದು. ಲಗ್ ಹಾಕಿ, ಸರಿಯಾದ ಇಕ್ಕಳದಲ್ಲಿ ಒತ್ತಿ, ಮೇಲೆ ಒಳಗಡೆ ಅಂಟು ಇರುವ ಶ್ರಿಂಕ್ ಕೊಳವೆ ತೊಡಿಸಿ ಬಿಸಿಮಾಡಬೇಕು. ಉಪಕರಣಕ್ಕೆ ಸೇರುವ ಮೊದಲು ತಂತಿ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರಲಿ. ತಂತಿಗುಂಟ ಇಳಿಯುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಉಪಕರಣದೊಳಗೆ ನುಗ್ಗುವುದಿಲ್ಲ.

ಬ್ಯಾಟರಿಯ ಬಾಯಲ್ಲೇ ಮುಖ್ಯ ಫ್ಯೂಸ್ ಇರಬೇಕು, ಹೆಚ್ಚೆಂದರೆ ಒಂದು ಗೇಣು ದೂರದಲ್ಲಿ. ವೀಲ್ ಹೌಸಿನಲ್ಲಿ ಫ್ಯೂಸ್ ಇದೆಯಲ್ಲ ಎಂದರೆ ಸಾಲದು. ಬ್ಯಾಟರಿಗೂ ಆ ಫ್ಯೂಸಿಗೂ ನಡುವಿನ 10 ಮೀಟರ್ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ತಂತಿಯನ್ನು. ಕಡಲ ಮಧ್ಯೆ ಬೆಂಕಿ ಬಿದ್ದರೆ ಓಡಲು ಜಾಗವಿಲ್ಲ. ಮನೆಯ ಎಸಿಗೆ ಮಾಡಿದ ಬ್ರೇಕರುಗಳನ್ನು ಇಲ್ಲಿ ಹಾಕಬೇಡಿ, ಡಿಸಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ಕಬ್ಬಿಣದ ಬೋಟಾದರೆ ಇನ್ನೊಂದು ಎಚ್ಚರ: ಲಾರಿಯಲ್ಲಿ ಮಾಡುವಂತೆ ಮೈಯನ್ನೇ ಅರ್ತ್ ಮಾಡಿಕೊಂಡು ಒಂದೇ ತಂತಿ ಎಳೆಯಬಾರದು. ಸೋರಿದ ಕರೆಂಟು ಉಪ್ಪುನೀರಿನಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಪ್ರತಿ ಉಪಕರಣಕ್ಕೂ ಹೋಗುವ ತಂತಿ, ಬರುವ ತಂತಿ ಎರಡೂ ಬೇಕು.

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ದೀಪ ಮತ್ತು ಉಪಕರಣಗಳ ಬ್ಯಾಟರಿ ಬೇರೆ ಇರಲಿ. ಒಂದೇ ಆದರೆ ಎಂಜಿನ್ ಹೊರಳಿಸಿದಾಗಲೆಲ್ಲ ವೋಲ್ಟೇಜ್ ಕುಸಿದು ಜಿಪಿಎಸ್ ಆರಿ ಹತ್ತುತ್ತದೆ. ರಾತ್ರಿಯಿಡೀ ದೀಪ ಉರಿಸಿದ ಮೇಲೆ ಬೆಳಗ್ಗೆ ಎಂಜಿನ್ನೇ ತಿರುಗದಿರಬಹುದು. ನನ್ನ ಕೇಳಿದರೆ ಮೂರನೆಯದೊಂದು ಸಣ್ಣ ಬ್ಯಾಟರಿಯೂ ಬೇಕು, ವಯರ್‌ಲೆಸ್ಸಿಗೆಂದೇ, ವೀಲ್ ಹೌಸಿನ ಮೇಲ್ಭಾಗದಲ್ಲಿ. ಬೋಟಿಗೆ ನೀರು ನುಗ್ಗಿದರೆ ಮೊದಲು ಮುಳುಗುವುದು ಎಂಜಿನ್ ಕೋಣೆಯ ಬ್ಯಾಟರಿಗಳು. ಸಹಾಯ ಕೇಳಬೇಕಾದ ಆ ಗಳಿಗೆಯಲ್ಲೇ ಅವು ಇಲ್ಲವಾಗುತ್ತವೆ.

ಎಷ್ಟು ದೊಡ್ಡ ಬ್ಯಾಟರಿ ಎಂಬುದಕ್ಕೆ ಊಹೆ ಬೇಡ. ಎಂಜಿನ್ ಕೈಕೊಟ್ಟು ಒಂದು ಹಗಲು ಒಂದು ರಾತ್ರಿ ತೇಲಬೇಕಾಯಿತು ಎಂದಿಟ್ಟುಕೊಳ್ಳಿ. 12 ವೋಲ್ಟಿನ ಬೋಟಿನಲ್ಲಿ ವಯರ್‌ಲೆಸ್ ಸುಮ್ಮನೆ ಆಲಿಸುತ್ತಿರಲು ಅರ್ಧ ಆಂಪಿಯರಿನಂತೆ 24 ಗಂಟೆಗೆ 12 ಆಂಪಿಯರ್ ಅವರ್, ನಡುನಡುವೆ ಮಾತಾಡಲು ಇನ್ನೊಂದು 5. ಜಿಪಿಎಸ್ ಮತ್ತು ಪರದೆಗೆ 2 ಆಂಪಿಯರಿನಂತೆ 48. ಹೊರಗಿನ ಎಲ್‌ಇಡಿ ದೀಪಗಳಿಗೆ ಒಂದು 10, ಒಳಗಿನವಕ್ಕೆ 10. ಒಟ್ಟು 85. ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 170 ಆಂಪಿಯರ್ ಅವರ್‌ಗೆ ಕಡಿಮೆ ಇರಬಾರದು. ಲಿಥಿಯಂ ಬ್ಯಾಟರಿ ಹಗುರ, ಪೂರ್ತಿ ಬಳಸಬಹುದು ಎಂದು ಈಗ ಹಲವರು ಅದರತ್ತ ವಾಲುತ್ತಿದ್ದಾರೆ. ತಪ್ಪಲ್ಲ. ಆದರೆ ಅದು ಚಾರ್ಜ್ ಆಗುವಾಗ ಆಲ್ಟರ್ನೇಟರಿನಿಂದ ಸಿಕ್ಕಷ್ಟೂ ಕರೆಂಟು ಎಳೆದುಕೊಂಡು ಆಲ್ಟರ್ನೇಟರನ್ನೇ ಕಾಯಿಸಿ ಸುಡಬಲ್ಲದು. ನಡುವೆ ಡಿಸಿಯಿಂದ ಡಿಸಿಗೆ ಚಾರ್ಜ್ ಮಾಡುವ ಪೆಟ್ಟಿಗೆ ಇಲ್ಲದೆ ನೇರ ಜೋಡಿಸಬೇಡಿ. ಆಮ್ಲದ ಬ್ಯಾಟರಿಯಾದರೆ ಪೆಟ್ಟಿಗೆಗೆ ಗಾಳಿಯಾಡುವ ಕಿಂಡಿ ಇರಲಿ, ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯುತ್ತದೆ.

ಬೆಳಕು

ಎಲ್‌ಇಡಿ ಬಂದದ್ದು ಬೋಟಿನವರ ಪಾಲಿಗೆ ದೊಡ್ಡ ಉಪಕಾರ. ಟ್ರಾಲ್ ಎಳೆಯುವ ಬೋಟ್ ರಾತ್ರಿ ತೋರಿಸಬೇಕಾದ ದೀಪ ಐದು: ಕಂಬದ ಮೇಲೆ ಸುತ್ತಲೂ ಕಾಣುವ ಹಸಿರು, ಅದರ ಕೆಳಗೆ ಸುತ್ತಲೂ ಕಾಣುವ ಬಿಳಿ, ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂಬದಿಗೆ ಬಿಳಿ. 25 ವ್ಯಾಟಿನ ಹಳೆಯ ಬಲ್ಬುಗಳಾದರೆ 12 ಗಂಟೆಗೆ 125 ಆಂಪಿಯರ್ ಅವರ್ ಕುಡಿಯುತ್ತವೆ. 3 ವ್ಯಾಟಿನ ಎಲ್‌ಇಡಿಗಳಿಗೆ 15 ಸಾಕು. ಬ್ಯಾಟರಿ ಉಳಿಸಲು ದೀಪ ಆರಿಸಿ ಕತ್ತಲಲ್ಲಿ ನಿಲ್ಲುವ ಅಪಾಯದ ಅಭ್ಯಾಸಕ್ಕೆ ಈಗ ನೆಪವೇ ಇಲ್ಲ.

ಟ್ರಾಲ್ ಅಲ್ಲದ ಬೇರೆ ಬಲೆಯಾದರೆ ಹಸಿರಿನ ಜಾಗದಲ್ಲಿ ಕೆಂಪು, ಅದರ ಕೆಳಗೆ ಬಿಳಿ. ಬಲೆ 150 ಮೀಟರಿಗಿಂತ ದೂರ ಹರಡಿದ್ದರೆ ಅದು ಇರುವ ದಿಕ್ಕಿಗೆ ಇನ್ನೊಂದು ಬಿಳಿ. ಎಂಜಿನ್ ಕೆಟ್ಟು ಬೋಟ್ ಹತೋಟಿಯಲ್ಲಿಲ್ಲದಾಗ ಒಂದರ ಮೇಲೊಂದು ಎರಡು ಕೆಂಪು. ಇವು 1972ರ ಅಂತರರಾಷ್ಟ್ರೀಯ ಕಡಲ ಸಂಚಾರ ನಿಯಮಗಳು. ದೊಡ್ಡ ಹಡಗಿನ ಚಾಲನಾ ಕೋಣೆಯಲ್ಲಿ ನಿಂತವರು ನಿಮ್ಮ ಬೋಟನ್ನು ನೋಡುವುದಿಲ್ಲ, ಈ ಬಣ್ಣಗಳನ್ನು ಓದುತ್ತಾರೆ. ಬಣ್ಣದ ಸೀರಿಯಲ್ ದೀಪಗಳನ್ನು ಅಂದಕ್ಕೆಂದು ಸುತ್ತಿದ ಬೋಟ್ ಅವರಿಗೆ ಓದಲು ಬರದ ಅಕ್ಷರದ ಹಾಗೆ. ಪೂಜೆಯ ದಿನ ದಕ್ಕೆಯಲ್ಲಿ ಹಾಕಿ, ಕಡಲಿಗೆ ಹೊರಡುವಾಗ ಬಿಚ್ಚಿಡಿ.

ಸಂಚಾರ ದೀಪ ಬದಲಿಸುವಾಗ ಹಳೆಯ ಗೂಡಿನ ಬಲ್ಬ್ ತೆಗೆದು ಎಲ್‌ಇಡಿ ಬಲ್ಬ್ ಹಾಕುವುದು ಅಗ್ಗದ ದಾರಿ, ಆದರೆ ಸರಿಯಾದ ದಾರಿ ಅಲ್ಲ. ಬಣ್ಣದ ಗಾಜನ್ನು ಹಳದಿ ಬೆಳಕಿನ ಬಲ್ಬಿಗೆಂದು ಮಾಡಿರುತ್ತಾರೆ. ಬಿಳಿ ಎಲ್‌ಇಡಿಯನ್ನು ಅದರ ಹಿಂದೆ ಇಟ್ಟರೆ ಹಸಿರು ನೀಲಿಯತ್ತ ಸರಿಯುತ್ತದೆ, ಕೆಂಪು ಮಂಕಾಗುತ್ತದೆ. ಬೆಳಕು ಹರಡುವ ಕೋನವೂ ಕೆಡುತ್ತದೆ. ಬದಿಯ ದೀಪ 112.5 ಡಿಗ್ರಿ, ಹಿಂದಿನದು 135 ಡಿಗ್ರಿ ಕಾಣಬೇಕು. 12 ಮೀಟರಿಗಿಂತ ಉದ್ದದ ಬೋಟಿನಲ್ಲಿ ಇವು 2 ನಾಟಿಕಲ್ ಮೈಲಿಗೆ ಕಾಣಲೇಬೇಕು. ಆದ್ದರಿಂದ ಗೂಡು ಸಮೇತ ಬದಲಿಸಿ. 10ರಿಂದ 30 ವೋಲ್ಟಿನವರೆಗೆ ತಾಳುವಂಥದ್ದು ಉತ್ತಮ. ಎಂಜಿನ್ ಓಡುವಾಗ 12 ವೋಲ್ಟಿನ ಬೋಟಿನಲ್ಲಿ 14.4ರವರೆಗೂ ವೋಲ್ಟೇಜ್ ಏರುತ್ತದೆ, ಅಗ್ಗದ ಎಲ್‌ಇಡಿಗಳು ಸುಡುವುದು ಹೀಗೆ.

ಎಲ್‌ಇಡಿಯ ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ. ಅದರೊಳಗಿನ ಪುಟ್ಟ ಸರ್ಕಿಟ್ ರೇಡಿಯೊ ಗದ್ದಲ ಎಬ್ಬಿಸಿ ವಯರ್‌ಲೆಸ್ಸಿನ ಕಿವಿ ಮುಚ್ಚಿಸಬಲ್ಲದು. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ಪರೀಕ್ಷೆ ಸುಲಭ. ಎಲ್ಲ ದೀಪ ಆರಿಸಿ, ಯಾರೂ ಮಾತಾಡದ ಚಾನೆಲ್‌ಗೆ ವಯರ್‌ಲೆಸ್ ಇಟ್ಟು, ಸ್ಕ್ವೆಲ್ಚ್ ಗುಂಡಿಯನ್ನು ಭುಸ್ ಎನ್ನುವ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ತನ್ನಿ. ಈಗ ಒಂದೊಂದೇ ದೀಪ ಹಾಕುತ್ತ ಹೋಗಿ. ಯಾವ ದೀಪ ಹಾಕಿದಾಗ ಭುಸ್ ಮತ್ತೆ ಕೇಳುತ್ತದೋ ಅದು ಆಂಟೆನಾದ ಹತ್ತಿರ ಇರಬಾರದು, ಸಾಧ್ಯವಾದರೆ ಬೋಟಿನಲ್ಲೇ ಇರಬಾರದು.

ವೀಲ್ ಹೌಸಿನೊಳಗೆ ಒಂದು ಮಂದ ಕೆಂಪು ದೀಪ ಹಾಕಿಸಿ. ಬಿಳಿ ಬೆಳಕು ನೋಡಿದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಪರದೆಗಳ ಬೆಳಕನ್ನೂ ರಾತ್ರಿ ತಗ್ಗಿಸಬೇಕು.

ಮೀನನ್ನು ಸೆಳೆಯುವ ಬೆಳಕಿನ ಮಾತು ಬೇರೆ. ಎಲ್‌ಇಡಿ ಅಥವಾ ಬೇರೆ ಕೃತಕ ಬೆಳಕು ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಮರಿಮೀನೂ ಬೆಳಕಿಗೆ ಬರುತ್ತದೆ, ಅದನ್ನೂ ಬಾಚಿಕೊಂಡರೆ ನಾಳೆಗೆ ಏನೂ ಉಳಿಯದು. ಆ ದೀಪಗಳಿಗೆ, ಅವುಗಳ ಜನರೇಟರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮಾತು

ವಯರ್‌ಲೆಸ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ವ್ಯಾಟ್ ಎಂದು. ಕಡಲ ವಿಎಚ್‌ಎಫ್ ಸೆಟ್ಟಿಗೆ 25 ವ್ಯಾಟೇ ಮಿತಿ. ದೂರ ತಲುಪಿಸುವುದು ವ್ಯಾಟಲ್ಲ, ಆಂಟೆನಾದ ಎತ್ತರ. ಈ ಅಲೆಗಳು ಭೂಮಿಯ ಬಾಗನ್ನು ಅಷ್ಟಾಗಿ ದಾಟುವುದಿಲ್ಲ. ಎರಡೂ ಬೋಟುಗಳ ಆಂಟೆನಾ ನೀರಿನಿಂದ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿಲೋಮೀಟರ್, ಅಂದರೆ 9 ನಾಟಿಕಲ್ ಮೈಲು. ಎರಡನ್ನೂ 9 ಮೀಟರಿಗೆ ಏರಿಸಿದರೆ 13 ನಾಟಿಕಲ್ ಮೈಲು. ಕಂಬ ಎತ್ತರಿಸುವ ಖರ್ಚು ಹೊಸ ಸೆಟ್ಟಿನ ಮುಂದೆ ಏನೂ ಅಲ್ಲ. ಆಂಟೆನಾದ ಕೇಬಲ್ ಕೂಡ ನೋಡಿ. ತೆಳುವಾದ ಆರ್‌ಜಿ 58 ಕೇಬಲ್ 10 ಮೀಟರ್ ಇದ್ದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಅದರಲ್ಲೇ ಮುಗಿಯುತ್ತದೆ. ದಪ್ಪನೆಯ ಆರ್‌ಜಿ 213 ಹಾಕಿದರೆ ನಷ್ಟ ಅರ್ಧಕ್ಕಿಳಿಯುತ್ತದೆ.

ಡಿಎಸ್‌ಸಿ ಇರುವ ಸೆಟ್ಟನ್ನೇ ತನ್ನಿ. ಅದರ ಮುಚ್ಚಳದ ಕೆಳಗಿನ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಅಪಾಯದ ಕರೆ ತಾನಾಗಿ ಹೊರಡುತ್ತದೆ, ನಿಮ್ಮ ಬೋಟಿನ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯ ಸಮೇತ. ಭಾರತದ ಸಂಖ್ಯೆಗಳು 419ರಿಂದ ಶುರುವಾಗುತ್ತವೆ. ಆದರೆ ಬೋಟ್ ಎಲ್ಲಿದೆ ಎಂಬುದನ್ನು ಅದು ಹೇಳಬೇಕಾದರೆ ಸೆಟ್ಟಿಗೆ ಜಿಪಿಎಸ್ ಸಿಗಬೇಕು. ಒಳಗೇ ಜಿಪಿಎಸ್ ಇಲ್ಲದ ಸೆಟ್ಟಾದರೆ ನಿಮ್ಮ ಜಿಪಿಎಸ್ಸಿನಿಂದ ಅದಕ್ಕೆ ಎರಡು ಸಣ್ಣ ತಂತಿ ಎಳೆಯಬೇಕು. ಈ ಎರಡು ತಂತಿ ಜೋಡಿಸದೆ ಬಿಟ್ಟರೆ ಸಹಾಯ ಬೇಕು ಎಂಬುದು ತಲುಪುತ್ತದೆ, ಎಲ್ಲಿಗೆ ಎಂಬುದು ತಲುಪುವುದಿಲ್ಲ. ಅರ್ಧ ಗಂಟೆಯ ಕೆಲಸ, ಮಾಡಿಸಿಯೇ ಬಿಡಿ. ಸೆಟ್ಟಿಗೆ ಪರವಾನಗಿ ಬೇಕೆಂಬುದನ್ನೂ ಮರೆಯಬೇಡಿ. ಗಲ್ಫಿನಿಂದ ಬಂದ ನೆಂಟರು ಥುರಾಯಾ ಸ್ಯಾಟಲೈಟ್ ಫೋನ್ ತಂದುಕೊಟ್ಟರೆ ಪ್ರೀತಿಯಿಂದಲೇ ಬೇಡವೆನ್ನಿ, ಭಾರತದಲ್ಲಿ ಅದರ ಬಳಕೆಗೆ ನಿಷೇಧವಿದೆ.

ವಿಎಚ್‌ಎಫ್ ತಲುಪದ ದೂರಕ್ಕೆ ಇಸ್ರೋ ರೂಪಿಸಿದ ಡಾಟ್ ಎಂಬ ಅಪಾಯ ಸೂಚಕ ಇದೆ. ಮಲ್ಪೆಯಿಂದ ಎಷ್ಟೋ ಮೈಲು ಆಚೆ ಅದರ ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಅಲ್ಲಿಂದ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಮೊದಲ ಪೀಳಿಗೆಯ ಉಪಕರಣ ಕರೆ ಕಳಿಸುತ್ತಿತ್ತು ಅಷ್ಟೆ, ಅದು ತಲುಪಿತೋ ಇಲ್ಲವೋ ಎಂದು ಒತ್ತಿದವರಿಗೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಇಸ್ರೋ ಪ್ರಕಟಿಸಿದ ಎರಡನೇ ಪೀಳಿಗೆಯದರಲ್ಲಿ ಉತ್ತರವೂ ಬರುತ್ತದೆ. ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿ ಸಂದೇಶ ಓದಬಹುದು. ಅದೇ ವರ್ಷದ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಪಡೆದ ಯೋಜನೆಯಡಿ ಕರಾವಳಿ ರಾಜ್ಯಗಳ 1 ಲಕ್ಷ ಬೋಟುಗಳಿಗೆ ಉಪಗ್ರಹದ ಮೂಲಕ ದಡದ ಜೊತೆ ಸಂಪರ್ಕ ಇಡುವ ಟ್ರಾನ್ಸ್‌ಪಾಂಡರ್ ಅಳವಡಿಸುವ ಗುರಿಯಿದೆ. ನಿಮ್ಮ ಬೋಟಿಗೆ ಇನ್ನೂ ಬಂದಿಲ್ಲವಾದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಈ ಬಿಡುವಿನಲ್ಲೇ ಹೋಗಿ ಕೇಳಿ. ಸಿಕ್ಕಿದ್ದನ್ನು ಕಪಾಟಿನಲ್ಲಿ ಇಡಬೇಡಿ, ಆಕಾಶ ಕಾಣುವಲ್ಲಿ ಕೂರಿಸಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ ಸುವರ್ಣ ತ್ರಿಭುಜ ಬೋಟಿನಿಂದ 15ರ ರಾತ್ರಿಯ ನಂತರ ಮಾತೇ ಬರಲಿಲ್ಲ. ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಕಡಲತಳದಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳು ದಾರಿ ಕಾದವು. ಆ ಬೋಟಿಗೆ ಏನಾಯಿತು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಬೋಟ್ ಎಲ್ಲಿದೆ ಎಂದು ದಡದವರಿಗೆ ಗೊತ್ತಿರುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಈ ಕರಾವಳಿ ಆ ದಿನಗಳಲ್ಲಿ ಕಲಿತಿದೆ.

ಫಿಶ್ ಫೈಂಡರ್ ವಿಚಾರ ಚಿಕ್ಕದು. 200 ಕಿಲೋಹರ್ಟ್ಸ್ ಕಡಿಮೆ ಆಳಕ್ಕೆ, ಸ್ಪಷ್ಟ ಚಿತ್ರಕ್ಕೆ. 50 ಕಿಲೋಹರ್ಟ್ಸ್ ಹೆಚ್ಚು ಆಳಕ್ಕೆ, ಅಗಲ ನೋಟಕ್ಕೆ. ಬೊಂಡಾಸ್ (ಸ್ಕ್ವಿಡ್) ಹುಡುಕಿ ಆಳಕ್ಕೆ ಹೋಗುವ ಬೋಟಿಗೆ ಎರಡೂ ಇರುವುದು ಒಳ್ಳೆಯದು. ಪರದೆ ಎಷ್ಟೇ ದೊಡ್ಡದಿರಲಿ, ಕೆಳಗಿನ ಟ್ರಾನ್ಸ್‌ಡ್ಯೂಸರ್ ಗುಳ್ಳೆಗಳ ನಡುವೆ ಕೂತಿದ್ದರೆ ಚಿತ್ರ ಬರುವುದಿಲ್ಲ. ಪ್ರೊಪೆಲ್ಲರಿನಿಂದ ದೂರ, ನೀರು ನಯವಾಗಿ ಹರಿಯುವ ಜಾಗ ಆರಿಸಿ. ಬೋಟ್ ಮೇಲೆಳೆದಾಗ ಅದಕ್ಕೆ ಅಂಟಿದ ಚಿಪ್ಪು ಕೆರೆಯಿರಿ, ತಳದ ದಪ್ಪ ಪೇಂಟನ್ನು ಅದರ ಮುಖಕ್ಕೆ ಬಳಿಯಲು ಬಿಡಬೇಡಿ. ಕೇಬಲ್ ಉದ್ದವಾಯಿತೆಂದು ಕತ್ತರಿಸಲೂ ಬೇಡಿ, ಸುತ್ತಿಡಿ.

ಸದ್ದು

ಹತ್ತು ದಿನ ಕಡಲಲ್ಲಿರುವವರಿಗೆ ಹಾಡು ಬೇಕು. ಇದನ್ನು ಶೋಕಿ ಎನ್ನುವವರ ಜೊತೆ ನಾನಿಲ್ಲ. ರಾತ್ರಿ ಪಾಳಿಯಲ್ಲಿ ಚುಕ್ಕಾಣಿ ಹಿಡಿದವರನ್ನು ಎಚ್ಚರವಾಗಿಡಲು ಯಕ್ಷಗಾನದ ಒಂದು ಪ್ರಸಂಗಕ್ಕಿಂತ ಒಳ್ಳೆಯ ಮದ್ದಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಒಯ್ಯುವ ಬೋಟುಗಳಿಗೂ ಇದು ಬೇಕು.

ಕಾರಿನ ಸ್ಪೀಕರ್ ಹಾಕಬೇಡಿ, ಕಾಗದದ ಮುಖ ಒಂದು ಮಳೆಗಾಲ ಬಾಳುವುದಿಲ್ಲ. ಪ್ಲಾಸ್ಟಿಕ್ ಮುಖದ, ಬಿಸಿಲು ತಾಳುವ, ಐಪಿ 65 ಅಥವಾ ಹೆಚ್ಚಿನ ಗುರುತಿರುವ ಕಡಲ ಸ್ಪೀಕರ್ ಕೇಳಿ. ಐಪಿ 65 ಎಂದರೆ ಪೈಪಿನ ನೀರನ್ನು ತಡೆಯುತ್ತದೆ, ಐಪಿ 67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಉಳಿಯುತ್ತದೆ. ಆಂಪ್ಲಿಫೈಯರ್ ಕ್ಲಾಸ್ ಡಿ ಮಾದರಿಯದಿರಲಿ, ಕಡಿಮೆ ಕರೆಂಟಿನಲ್ಲಿ ಹೆಚ್ಚು ಸದ್ದು ಕೊಡುತ್ತದೆ. ಅದಕ್ಕೆ ಬೇರೆಯೇ ಫ್ಯೂಸ್, ಬೇರೆಯೇ ತಂತಿ. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ಪೀಕರಿನ ಹಿಂದಿರುವ ಅಯಸ್ಕಾಂತ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ವೀಲ್ ಹೌಸಿನಲ್ಲಿ ದಿಕ್ಸೂಚಿಯ ಪಕ್ಕ ಸ್ಪೀಕರ್ ಕೂರಿಸಿದರೆ ಜಿಪಿಎಸ್ ಕೆಟ್ಟ ದಿನ ನೀವು ತಪ್ಪು ದಿಕ್ಕಿಗೆ ಹೋಗುತ್ತೀರಿ. ಸ್ಪೀಕರನ್ನು ಕೈಯಲ್ಲಿ ಹಿಡಿದು ದಿಕ್ಸೂಚಿಯ ಬಳಿಗೆ ತಂದು ಮುಳ್ಳು ಅಲುಗುವ ದೂರ ಯಾವುದೆಂದು ನೋಡಿ, ಅದರ ಎರಡರಷ್ಟು ಆಚೆ ಕೂರಿಸಿ.

ಹಾಡಿನ ಸ್ವಿಚ್ ವಯರ್‌ಲೆಸ್ಸಿನ ಕೈಗೆಟುಕುವಲ್ಲಿ ಇರಲಿ. ಅಪಾಯದ ಕರೆ ಬರುವ ಚಾನೆಲ್ 16ರಲ್ಲಿ ಯಾರೋ ಕರೆಯುತ್ತಿರುವುದು ಹಾಡಿನಲ್ಲಿ ಮುಳುಗಿಹೋಗಬಾರದು. ಆ ಚಾನೆಲ್ಲಿನಲ್ಲಿ ಮೀನಿನ ದರ, ಊರಿನ ಸುದ್ದಿ ಮಾತಾಡುವುದನ್ನೂ ನಿಲ್ಲಿಸಬೇಕು. ಅದು ಎಲ್ಲರ ಜೀವದ ದಾರಿ.

ಕೆಲಸವೆಲ್ಲ ಮುಗಿದ ಮೇಲೆ, ಜುಲೈ ಕೊನೆಯ ಒಂದು ಸಂಜೆ, ಬೋಟ್ ದಕ್ಕೆಯಲ್ಲಿ ಇರುವಾಗಲೇ ಎಂಜಿನ್ ಬಂದ್ ಮಾಡಿ ಎಲ್ಲ ದೀಪ, ಎಲ್ಲ ಪರದೆ ಒಟ್ಟಿಗೇ ಹಾಕಿ. ವಯರ್‌ಲೆಸ್ಸಿನ ಗುಂಡಿ ಒತ್ತಿ ಸೆಟ್ಟಿನ ಬಾಯಲ್ಲೇ ವೋಲ್ಟೇಜ್ ಅಳೆಯಿರಿ. ಯಾವ ತಂತಿ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆಸಿ, ಪ್ಲಾಸ್ಟಿಕ್ ಹಾಕಿಸಿ, ವೀಲ್ ಹೌಸಿನಲ್ಲಿ ಅಂಟಿಸಿ. ಕೆಂಪು ಗುಂಡಿ ಎಲ್ಲಿದೆ ಎಂಬುದು ತಂಡೇಲರಿಗೆ ಮಾತ್ರವಲ್ಲ, ಅಡುಗೆಯ ಹುಡುಗನಿಗೂ ಗೊತ್ತಿರಲಿ. ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಪೇಂಟಿನಲ್ಲಿ ಬರೆಸಿ, ಹೊರಡುವಾಗ ಮನೆಯವರಿಗೂ ಬರೆದುಕೊಟ್ಟು ಹೋಗಿ.